ಕರೆದವರ ಹೊಣೆ: ಕಾಲೇಜು ಆಟಗಾರರ ವಲಸೆಯನ್ನು ಕುರಿತು



ಪಿಯುಸಿ ಫಲಿತಾಂಶ ಬಂದ ದಿನದಿಂದ ಪದವಿ ಕಾಲೇಜುಗಳ ಪ್ರವೇಶ ಮುಗಿಯುವವರೆಗೆ ಚೆನ್ನಾಗಿ ಆಡುವ ಹುಡುಗ ಹುಡುಗಿಯರಿಗೆ ಕರೆಗಳ ಕಾಲ. ಕಬಡ್ಡಿಯ ರೈಡರ್, ವಾಲಿಬಾಲಿನ ಸ್ಮ್ಯಾಷರ್, ಕೊಕ್ಕೊ ಆಟದಲ್ಲಿ ಬೇಗ ಸಿಕ್ಕದ ಓಟಗಾರ್ತಿ, ಫುಟ್‌ಬಾಲಿನ ಗೋಲ್‌ಕೀಪರ್, ಇಂಥವರನ್ನು ಹುಡುಕಿಕೊಂಡು ದೂರದ ಕಾಲೇಜುಗಳಿಂದ ಮಾತು ಬರುತ್ತದೆ. ಮಾತನಾಡುವವರು ಕಾಲೇಜಿನ ಪ್ರಾಂಶುಪಾಲರಲ್ಲ. ಹಿಂದಿನ ವರ್ಷ ಅಲ್ಲಿಗೆ ಹೋಗಿ ಸೇರಿದ ಸೀನಿಯರ್ ಒಬ್ಬ, ಪಂದ್ಯಾವಳಿಯಲ್ಲಿ ಪರಿಚಯವಾದ ಕೋಚ್ ಒಬ್ಬರು, ಎರಡೂ ಕಡೆಯವರಿಗೆ ಬೇಕಾದ ಹಳೆಯ ಆಟಗಾರರೊಬ್ಬರು ಮಾತನಾಡುತ್ತಾರೆ. ಫೀ ಇಲ್ಲ, ಹಾಸ್ಟೆಲ್ ಫ್ರೀ, ಊಟ ಫ್ರೀ, ಶೂ ಮತ್ತು ಕಿಟ್ ಕೊಡುತ್ತೇವೆ, ಹಾಜರಾತಿ ನಾವು ನೋಡಿಕೊಳ್ಳುತ್ತೇವೆ, ಯೂನಿವರ್ಸಿಟಿ ಟೀಮಿನಲ್ಲಿ ಜಾಗ ಗ್ಯಾರಂಟಿ. ಇದರಲ್ಲಿ ಯಾವುದೂ ಕಾಗದದ ಮೇಲೆ ಇರುವುದಿಲ್ಲ. ಈಗಾಗಲೇ ಒಂದು ಕಾಲೇಜಿನಲ್ಲಿ ಮೊದಲ ವರ್ಷ ಮುಗಿಸಿದ ವಿದ್ಯಾರ್ಥಿಗೂ ಇಂಥದೇ ಕರೆ ಬರಬಹುದು. ಆಗ ಟಿಸಿ, ಮೈಗ್ರೇಷನ್ ಸರ್ಟಿಫಿಕೇಟ್, ಎನ್‌ಒಸಿ ಎಂಬ ಮೂರು ಕಾಗದಗಳ ಸುತ್ತ ಜಗಳ ಹುಟ್ಟುತ್ತದೆ.

ಈ ಜಗಳ ನಡೆದಾಗಲೆಲ್ಲ ನಾವು ಕೇಳುವ ಪ್ರಶ್ನೆ ಒಂದೇ: ಹುಡುಗ ಯಾಕೆ ಹೋದ? ಬೆಳೆಸಿದವರನ್ನು ಮರೆತ ಎಂದು ಕೆಲವರು, ಅವನ ಅನುಕೂಲ ಅವನು ನೋಡಿಕೊಂಡ ಎಂದು ಕೆಲವರು. ನನ್ನ ವಾದ ಬೇರೆ. ಹದಿನೆಂಟು ತುಂಬಿದ ಅಥವಾ ತುಂಬುವ ಹೊಸ್ತಿಲಲ್ಲಿರುವ ವಿದ್ಯಾರ್ಥಿಯ ಮೇಲೆ ನಿಷ್ಠೆಯ ಭಾರ ಹೊರಿಸುವ ಮೊದಲು, ಅವನನ್ನು ಕರೆದವರು ಯಾರು, ಏನು ಹೇಳಿ ಕರೆದರು, ಹೇಳಿದ್ದನ್ನು ಎಲ್ಲಿ ಬರೆದಿಟ್ಟರು ಎಂದು ಕೇಳಬೇಕು. ಕಾಲೇಜು ಬದಲಿಸುವುದು ತಪ್ಪಲ್ಲ. ಮರೆಯಲ್ಲಿ ಕರೆಯುವುದು ತಪ್ಪು. ನಮ್ಮ ನಿಯಮಗಳು ಮತ್ತು ಅದಕ್ಕಿಂತ ಹೆಚ್ಚಾಗಿ ನಮ್ಮ ರೂಢಿಗಳು ಹೋಗುವವನ ಕಾಲನ್ನು ಕಟ್ಟುತ್ತವೆ, ಕರೆಯುವವನ ಬಾಯಿಯನ್ನು ಮುಟ್ಟುವುದಿಲ್ಲ. ಈ ವ್ಯವಸ್ಥೆಯನ್ನು ತಿರುಗಿಸಿ ಇಡಬೇಕು ಎಂಬುದೇ ಇವತ್ತು ನಾನು ಹೇಳಬೇಕೆಂದಿರುವುದು.

ಮೊದಲು ನಮ್ಮ ಶಿವಮೊಗ್ಗ, ಭದ್ರಾವತಿಯ ಸ್ಥಿತಿ ನೋಡೋಣ. 1987ರಲ್ಲಿ ಆರಂಭವಾದ ಕುವೆಂಪು ವಿಶ್ವವಿದ್ಯಾಲಯದ ಆವರಣ ಇರುವುದು ಭದ್ರಾವತಿ ತಾಲ್ಲೂಕಿನ ಶಂಕರಘಟ್ಟದಲ್ಲಿ. 2009ರಲ್ಲಿ ದಾವಣಗೆರೆ ವಿಶ್ವವಿದ್ಯಾಲಯ ಬೇರೆಯಾದ ಮೇಲೆ ದಾವಣಗೆರೆ, ಚಿತ್ರದುರ್ಗದ ಕಾಲೇಜುಗಳು ಅತ್ತ ಹೋದವು, ಶಿವಮೊಗ್ಗ ಮತ್ತು ಚಿಕ್ಕಮಗಳೂರು ಜಿಲ್ಲೆಗಳು ಇಲ್ಲಿ ಉಳಿದವು. ಶಿವಮೊಗ್ಗದ ಸಹ್ಯಾದ್ರಿ ಕಾಲೇಜು, ಎನ್‌ಇಎಸ್ ಮತ್ತು ಡಿವಿಎಸ್ ಸಂಸ್ಥೆಗಳ ಕಾಲೇಜುಗಳು, ಭದ್ರಾವತಿಯ ಸರ್ ಎಂ. ವಿಶ್ವೇಶ್ವರಯ್ಯ ಸರ್ಕಾರಿ ಕಾಲೇಜು, ತಾಲ್ಲೂಕು ಕೇಂದ್ರಗಳ ಸರ್ಕಾರಿ ಪದವಿ ಕಾಲೇಜುಗಳು, ಇವೇ ನಮ್ಮ ಅಂತರ ಕಾಲೇಜು ಕ್ರೀಡೆಯ ಬೆನ್ನೆಲುಬು. ಇಲ್ಲಿ ಆಟ ಕಲಿಯುವವರು ಹೆಚ್ಚಾಗಿ ಹಳ್ಳಿಯ ಪ್ರೌಢಶಾಲೆಯಲ್ಲಿ ಶುರುಮಾಡಿ, ಪಿಯು ಕಾಲೇಜಿನಲ್ಲಿ ಗಟ್ಟಿಯಾಗಿ, ಪದವಿಗೆ ಬರುವ ಹೊತ್ತಿಗೆ ಕಣ್ಣಿಗೆ ಬೀಳುವವರು. ಖರ್ಚಿನ ಬಹುಭಾಗ, ಶ್ರಮದ ಬಹುಭಾಗ ಆ ಹೊತ್ತಿಗೆ ಆಗಿಹೋಗಿರುತ್ತದೆ. ಅದನ್ನು ಹೊತ್ತವರು ಪಿಇ ಮೇಷ್ಟ್ರು, ಊರಿನ ಯುವಕ ಸಂಘ, ಮನೆಯವರು.

ಎಳೆಯುವ ಬಲ ಇರುವುದು ಕರಾವಳಿಯಲ್ಲಿ ಮತ್ತು ಬೆಂಗಳೂರಿನಲ್ಲಿ. ಮೂಡುಬಿದಿರೆಯ ಆಳ್ವಾಸ್ ಸಂಸ್ಥೆ ರಾಜ್ಯದ ಮತ್ತು ಹೊರರಾಜ್ಯಗಳ ಕ್ರೀಡಾಪಟುಗಳನ್ನು ದತ್ತು ಪಡೆದು ಊಟ, ವಸತಿ, ಶಿಕ್ಷಣವನ್ನು ಉಚಿತವಾಗಿ ಕೊಡುವ ಯೋಜನೆಯನ್ನು ಬಹಳ ವರ್ಷಗಳಿಂದ ನಡೆಸುತ್ತಿದೆ. ಅಖಿಲ ಭಾರತ ಅಂತರ ವಿಶ್ವವಿದ್ಯಾಲಯ ಅಥ್ಲೆಟಿಕ್ಸ್‌ನಲ್ಲಿ ಮಂಗಳೂರು ವಿಶ್ವವಿದ್ಯಾಲಯ ಮತ್ತೆ ಮತ್ತೆ ಚಾಂಪಿಯನ್ ಆದದ್ದರ ಹಿಂದೆ ಮುಖ್ಯವಾಗಿ ಅಲ್ಲಿನ ವಿದ್ಯಾರ್ಥಿಗಳಿದ್ದಾರೆ. 2022ರಲ್ಲಿ ಬೆಂಗಳೂರಿನಲ್ಲಿ ನಡೆದ ಖೇಲೋ ಇಂಡಿಯಾ ವಿಶ್ವವಿದ್ಯಾಲಯ ಕ್ರೀಡಾಕೂಟದಲ್ಲಿ ಆತಿಥ್ಯ ವಹಿಸಿದ್ದ ಜೈನ್ ವಿಶ್ವವಿದ್ಯಾಲಯ 20 ಚಿನ್ನದೊಂದಿಗೆ ಮೊದಲ ಸ್ಥಾನ ಪಡೆಯಿತು. ಇವನ್ನು ನಾನು ದೂರಾಗಿ ಹೇಳುತ್ತಿಲ್ಲ. ದತ್ತು ಯೋಜನೆ ಎಂದು ಹೆಸರಿಟ್ಟು, ಎಲ್ಲರಿಗೂ ಗೊತ್ತಾಗುವಂತೆ ನಡೆಸುವುದು ಮರೆಯ ಮಾತಿಗಿಂತ ಎಷ್ಟೋ ಮೇಲು. ಓಡುವ ಶಕ್ತಿಯಿದ್ದು ಹೊಟ್ಟೆಗೆ ಸಾಲದ ಹುಡುಗಿಗೆ ಮೂರು ಹೊತ್ತಿನ ಊಟ ಮತ್ತು ಒಳ್ಳೆಯ ಟ್ರ್ಯಾಕ್ ಕೊಟ್ಟವರನ್ನು ಯಾವ ಬಾಯಿಂದ ಬೈಯುವುದು? ಆದರೆ ದೊಡ್ಡ ಸಂಸ್ಥೆಯೊಂದು ತೆರೆದ ಬಾಗಿಲಿನಿಂದ ಮಾಡುವುದನ್ನು ನೋಡಿ, ಅಷ್ಟು ಅನುಕೂಲವಿಲ್ಲದ ಹತ್ತು ಸಂಸ್ಥೆಗಳು ಹಿತ್ತಲ ಬಾಗಿಲಿನಿಂದ ಮಾಡಲು ಹೊರಡುತ್ತವೆ. ನನ್ನ ಚಿಂತೆ ಆ ಹಿತ್ತಲ ಬಾಗಿಲಿನದು.

ವಿಶ್ವವಿದ್ಯಾಲಯಗಳಿಗೆ ಈ ಹಸಿವು ಎಲ್ಲಿಂದ ಬಂತು? ಬಹುಮಾನದ ಲೆಕ್ಕದಿಂದ. ಮೌಲಾನಾ ಅಬುಲ್ ಕಲಾಂ ಆಜಾದ್ ಟ್ರೋಫಿಯನ್ನು, ಕ್ರೀಡಾ ವಲಯದಲ್ಲಿ ಎಲ್ಲರೂ ಮಾಕಾ ಟ್ರೋಫಿ ಎನ್ನುವುದನ್ನು, 1956-57ರಿಂದ ಕ್ರೀಡೆಯಲ್ಲಿ ದೇಶಕ್ಕೇ ಮುಂದಿರುವ ವಿಶ್ವವಿದ್ಯಾಲಯಕ್ಕೆ ಕೊಡಲಾಗುತ್ತಿದೆ. ಅಮೃತಸರದ ಗುರುನಾನಕ್ ದೇವ್ ವಿಶ್ವವಿದ್ಯಾಲಯ ಅದನ್ನು ಇಪ್ಪತ್ತಕ್ಕೂ ಹೆಚ್ಚು ಸಲ ಗೆದ್ದಿದೆ. 2024ರ ಪಟ್ಟಿಯಲ್ಲಿ ಮೊದಲೆರಡು ಸ್ಥಾನಗಳು ಚಂಡೀಗಢ ವಿಶ್ವವಿದ್ಯಾಲಯ ಮತ್ತು ಲವ್ಲಿ ಪ್ರೊಫೆಷನಲ್ ವಿಶ್ವವಿದ್ಯಾಲಯಕ್ಕೆ ಹೋದವು. ಎರಡೂ ಖಾಸಗಿ. ಸರ್ಕಾರಿ ವಿಶ್ವವಿದ್ಯಾಲಯವಾದ ಗುರುನಾನಕ್ ದೇವ್ ಮೂರನೆಯದಾಯಿತು. ಯಾವ ಪಟ್ಟಿಯನ್ನೇ ನೋಡಿ, ಪದಕ ಬಂದ ದಿನ ಆಟಗಾರನ ಹೆಸರು ಯಾವ ವಿಶ್ವವಿದ್ಯಾಲಯದ ದಾಖಲೆಯಲ್ಲಿದೆಯೋ ಅಂಕವೆಲ್ಲ ಅದಕ್ಕೆ. ಅವನಿಗೆ ಹದಿಮೂರನೆಯ ವಯಸ್ಸಿನಿಂದ ಹದಿನೆಂಟರವರೆಗೆ ಆಟ ಕಲಿಸಿದವರಿಗೆ ಅರ್ಧ ಅಂಕವೂ ಇಲ್ಲ. ಬೆಳೆಸಿದವನಿಗೆ ಏನೂ ಇಲ್ಲ, ಕೊಯ್ದವನಿಗೆ ಎಲ್ಲ ಎಂಬ ಲೆಕ್ಕ ಇರುವಲ್ಲಿ ಬೆಳೆಸುವವರು ಕಡಿಮೆಯಾಗುತ್ತಾರೆ, ಕೊಯ್ಯುವವರು ಹೆಚ್ಚುತ್ತಾರೆ. ಇದರಲ್ಲಿ ಯಾರ ದುಷ್ಟತನವೂ ಬೇಕಿಲ್ಲ, ಲೆಕ್ಕವೇ ಸಾಕು.

ಆಟಗಾರ ಯಾಕೆ ಹೊರಡುತ್ತಾನೆ ಎಂಬುದಕ್ಕೂ ಕಣ್ಣಿಗೆ ಕಾಣುವ ಕಾರಣವಿದೆ. ಕೇಂದ್ರ ಸರ್ಕಾರದ ಗ್ರೂಪ್ ಸಿ ಹುದ್ದೆಗಳಿಗೆ ಕ್ರೀಡಾಪಟುಗಳನ್ನು ತೆಗೆದುಕೊಳ್ಳಲು 1980ರಿಂದ ಇರುವ ಆದೇಶ, ಅಂತರ ವಿಶ್ವವಿದ್ಯಾಲಯ ಪಂದ್ಯಾವಳಿಯಲ್ಲಿ ತನ್ನ ವಿಶ್ವವಿದ್ಯಾಲಯವನ್ನು ಪ್ರತಿನಿಧಿಸಿದವರನ್ನು ಅರ್ಹರೆಂದು ಒಪ್ಪುತ್ತದೆ. ಅಂದರೆ ಹೀಗೆ ಆಡಿ ಯೂನಿವರ್ಸಿಟಿ ಬ್ಲೂ ಎನಿಸಿಕೊಂಡವನ ಕೈಯಲ್ಲಿರುವ ಸರ್ಟಿಫಿಕೇಟು ಗೋಡೆಗೆ ತೂಗುಹಾಕುವ ಕಾಗದವಲ್ಲ, ಕೆಲಸಕ್ಕೆ ಹಾಕುವ ಅರ್ಜಿಯ ಜೊತೆ ಲಗತ್ತಿಸುವ ಕಾಗದ. ರೈಲ್ವೆ, ಪೊಲೀಸ್, ಬ್ಯಾಂಕುಗಳ ಕ್ರೀಡಾ ನೇಮಕಾತಿಯಲ್ಲಿ ಆಡಿದ ಮಟ್ಟಕ್ಕೆ ಬೆಲೆಯಿದೆ. ಬಲವಾದ ತಂಡದಲ್ಲಿದ್ದು ರಾಷ್ಟ್ರಮಟ್ಟದ ಪದಕ ತಂದರೆ ದಾರಿ ಇನ್ನೂ ಅಗಲವಾಗುತ್ತದೆ. 2014ರಲ್ಲಿ ಪ್ರೊ ಕಬಡ್ಡಿ ಲೀಗ್ ಶುರುವಾದ ಮೇಲೆ ಕಬಡ್ಡಿಯವರಿಗಂತೂ ಎಲ್ಲರ ಕಣ್ಣಿಗೆ ಬೀಳುವ ಜಾಗದಲ್ಲಿ ಆಡುವುದೇ ಒಂದು ಬಂಡವಾಳ.

ಭದ್ರಾವತಿಯ ಮಟ್ಟಿಗೆ ಈ ಕಾರಣ ಇನ್ನೂ ಆಳವಾಗಿದೆ. 1923ರಲ್ಲಿ ಉತ್ಪಾದನೆ ಶುರುಮಾಡಿದ ಕಬ್ಬಿಣದ ಕಾರ್ಖಾನೆ, 1936ರಲ್ಲಿ ಸ್ಥಾಪನೆಯಾದ ಕಾಗದದ ಕಾರ್ಖಾನೆ, ಈ ಎರಡರ ಸುತ್ತ ಬೆಳೆದ ಊರು ಅದು. ಕಾರ್ಖಾನೆಯ ಕಾಲೊನಿಗಳಿಗೆ ಮೈದಾನಗಳಿದ್ದವು, ಪಾಳಿ ಮುಗಿದ ಮೇಲೆ ಆಡುವವರಿದ್ದರು. ಸಾರ್ವಜನಿಕ ವಲಯದ ಕಾರ್ಖಾನೆಗಳು ಆಟಗಾರರಿಗೆ ಕೆಲಸ ಕೊಟ್ಟು ತಂಡ ಕಟ್ಟುತ್ತಿದ್ದ ಕಾಲದಲ್ಲಿ, ಬೆಂಗಳೂರಿನ ಐಟಿಐ, ಎಚ್‌ಎಎಲ್ ಫುಟ್‌ಬಾಲ್ ತಂಡಗಳು ದೇಶಕ್ಕೆಲ್ಲ ಪರಿಚಿತವಾಗಿದ್ದ ಕಾಲದಲ್ಲಿ, ಆಟ ಬಲ್ಲ ಹುಡುಗನಿಗೆ ಊರಿನಲ್ಲೇ ಅಥವಾ ರಾಜ್ಯದಲ್ಲೇ ಒಂದು ಖಾಯಂ ಕೆಲಸದ ಆಸೆ ಇಟ್ಟುಕೊಳ್ಳಲು ಎಡೆಯಿತ್ತು. ಕಾಗದದ ಕಾರ್ಖಾನೆಯಾದ ಎಂಪಿಎಂ 2015ರಲ್ಲಿ ಉತ್ಪಾದನೆ ನಿಲ್ಲಿಸಿತು. ಕಬ್ಬಿಣದ ಕಾರ್ಖಾನೆಯಾದ ವಿಐಎಸ್‌ಎಲ್ ಅನ್ನು ಮುಚ್ಚುವ ತೀರ್ಮಾನ 2023ರ ಜನವರಿಯಲ್ಲಿ ಹೊರಬಿದ್ದು, ಕಾರ್ಮಿಕರು ಬೀದಿಗಿಳಿದದ್ದು ಇಲ್ಲಿ ಕುಳಿತ ಎಲ್ಲರಿಗೂ ಗೊತ್ತು. ಊರಿನ ದೊಡ್ಡ ಗೇಟುಗಳು ಹೀಗಾದ ಮೇಲೆ, ಹೊರಗಿನಿಂದ ಬರುವ ಒಂದು ಫೋನ್ ಕರೆಗೆ ಹುಡುಗ ಓಗೊಟ್ಟರೆ ಅದನ್ನು ದುರಾಸೆ ಎನ್ನುವುದು ನ್ಯಾಯವಲ್ಲ.

ಕರ್ನಾಟಕದ ಆಟಗಾರರನ್ನು ಹೊರಗಿನವರು ಕರೆದೊಯ್ಯುವುದು ಹೊಸತೂ ಅಲ್ಲ. 1934ರಿಂದ 1938ರವರೆಗೆ ಸತತ ಐದು ವರ್ಷ ಕಲ್ಕತ್ತಾ ಫುಟ್‌ಬಾಲ್ ಲೀಗ್ ಗೆದ್ದ ಮೊಹಮ್ಮಡನ್ ಸ್ಪೋರ್ಟಿಂಗ್ ತಂಡ ಬೆಂಗಳೂರಿನಿಂದಲೂ ಆಟಗಾರರನ್ನು ಕರೆಸಿಕೊಂಡು ಕಟ್ಟಿದ್ದು. 1946ರಲ್ಲಿ ಮೈಸೂರು ತಂಡ ಬಂಗಾಳವನ್ನು ಸೋಲಿಸಿ ಸಂತೋಷ್ ಟ್ರೋಫಿ ಗೆದ್ದಿತು. ಮೂರು ವರ್ಷ ಕಳೆಯುವುದರಲ್ಲಿ, 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಆಡಿ ಬಂದಿದ್ದ ಬೆಂಗಳೂರಿನ ಅಹ್ಮದ್ ಖಾನ್ ಈಸ್ಟ್ ಬೆಂಗಾಲ್ ಸೇರಿದರು, ಅಲ್ಲಿಯೇ ಒಂದು ದಶಕ ಆಡಿ ಆ ಕ್ಲಬ್ಬಿನ ಚರಿತ್ರೆಯ ಭಾಗವಾದರು. ಮುಂದೆ ಇಲ್ಲಿನ ಇನ್ನೊಬ್ಬ ಆಟಗಾರ ಅರುಮೈನಾಯಗಂ ಮೋಹನ್ ಬಾಗಾನ್‌ಗೆ ಹೋದರು. ಕಲ್ಕತ್ತಾ ಮೈದಾನದ ವರ್ಗಾವಣೆಯ ದಿನಗಳಲ್ಲಿ ಎದುರಾಳಿ ಕ್ಲಬ್ಬಿನವರ ಕೈಗೆ ಸಿಗದಂತೆ ಆಟಗಾರನನ್ನು ಸಹಿ ಬೀಳುವವರೆಗೆ ಯಾರದೋ ಮನೆಯಲ್ಲಿ ಬಚ್ಚಿಡುತ್ತಿದ್ದ ಕಥೆಗಳನ್ನು ಅಲ್ಲಿನ ಹಳಬರು ಇಂದಿಗೂ ಹೇಳುತ್ತಾರೆ. ಕೇಳಲು ರೋಚಕ. ಆದರೆ ಬಚ್ಚಿಡುವುದು ಎಂದರೆ ಆ ಮನುಷ್ಯನ ಒಪ್ಪಿಗೆಯನ್ನು ಯಾರೂ ಪರೀಕ್ಷಿಸದಂತೆ ಮಾಡುವುದು. ವೃತ್ತಿಪರ ಫುಟ್‌ಬಾಲ್ ಆ ಹಂತವನ್ನು ದಾಟಿದ್ದು ಬರಹದ ಮೂಲಕ. ಫಿಫಾ ನಿಯಮದಂತೆ ಒಪ್ಪಂದದಲ್ಲಿರುವ ಆಟಗಾರನ ಜೊತೆ ಮಾತುಕತೆಗೆ ಹೋಗುವ ಕ್ಲಬ್ಬು ಮೊದಲು ಅವನ ಈಗಿನ ಕ್ಲಬ್ಬಿಗೆ ಲಿಖಿತವಾಗಿ ತಿಳಿಸಬೇಕು. ಒಪ್ಪಂದದ ಕೊನೆಯ ಆರು ತಿಂಗಳಲ್ಲಿ ಅವನು ಯಾರ ಜೊತೆಯೂ ಹೊಸ ಒಪ್ಪಂದಕ್ಕೆ ಬರಬಹುದು. 2024ರಲ್ಲಿ ಅನ್ವರ್ ಅಲಿ ಮೋಹನ್ ಬಾಗಾನ್‌ನಿಂದ ಈಸ್ಟ್ ಬೆಂಗಾಲ್‌ಗೆ ಹೋದ ವಿವಾದದಲ್ಲಿ ಭಾರತೀಯ ಫುಟ್‌ಬಾಲ್ ಒಕ್ಕೂಟದ ಸಮಿತಿ ನಾಲ್ಕು ತಿಂಗಳ ನಿಷೇಧ, 12.90 ಕೋಟಿ ರೂಪಾಯಿ ಪರಿಹಾರ ಎಂದು ಆದೇಶ ಮಾಡಿತು, ವಿಷಯ ದೆಹಲಿ ಹೈಕೋರ್ಟಿಗೆ ಹೋಗಿ ಆ ಆದೇಶ ಮರುವಿಚಾರಣೆಗೆ ಬಂತು. ಯಾರು ಸರಿ ಎಂಬುದು ಇಲ್ಲಿ ನನಗೆ ಮುಖ್ಯವಲ್ಲ. ಅಲ್ಲಿ ಓದಲು ಒಂದು ಒಪ್ಪಂದವಿತ್ತು, ಕೇಳಲು ಒಂದು ಸಮಿತಿಯಿತ್ತು, ಮೇಲೆ ಒಂದು ನ್ಯಾಯಾಲಯವಿತ್ತು. ನಮ್ಮ ಕಾಲೇಜು ಹುಡುಗನಿಗೆ ಈ ಮೂರರಲ್ಲಿ ಒಂದೂ ಇಲ್ಲ.

ಕಾಲೇಜು ಕ್ರೀಡೆಯಲ್ಲೇ ಈ ಸಮಸ್ಯೆ ಅತಿ ದೊಡ್ಡದಾಗಿ ಬೆಳೆದಿರುವುದು ಅಮೆರಿಕದ ಫುಟ್‌ಬಾಲಿನಲ್ಲಿ, ಇದು ನಾವಾಡುವ ಫುಟ್‌ಬಾಲಲ್ಲ. ಅಲ್ಲಿನ ಅನುಭವ ನಮಗೆ ಪಾಠವಾಗಬಲ್ಲದು. 2018ರವರೆಗೆ ಅಲ್ಲಿನ ಆಟಗಾರ ಕಾಲೇಜು ಬದಲಿಸಬೇಕಾದರೆ, ಬೇರೆ ಕಾಲೇಜಿನವರು ತನ್ನನ್ನು ಸಂಪರ್ಕಿಸಲು ಈಗಿನ ಕಾಲೇಜಿನ ಅನುಮತಿ ಬೇಕಿತ್ತು. ಹೋದ ಮೇಲೆ ಒಂದು ವರ್ಷ ಆಡದೆ ಕೂರಬೇಕಿತ್ತು. ಆ ವರ್ಷದ ಅಕ್ಟೋಬರಿನಲ್ಲಿ ಅಲ್ಲಿನ ಕಾಲೇಜು ಕ್ರೀಡೆಯ ನಿಯಮ ಮಾಡುವ ಎನ್‌ಸಿಎಎ ಸಂಸ್ಥೆ ಟ್ರಾನ್ಸ್‌ಫರ್ ಪೋರ್ಟಲ್ ತಂದಿತು: ಹೆಸರು ದಾಖಲಿಸಿದರೆ ಸಾಕು, ಯಾರು ಬೇಕಾದರೂ ಅವನನ್ನು ಸಂಪರ್ಕಿಸಬಹುದು. 2021ರಲ್ಲಿ ಒಂದು ಸಲ ಕೂರದೆ ಬದಲಿಸುವ ಅವಕಾಶ ಬಂತು. ಅದೇ ವರ್ಷದ ಜುಲೈ 1ರಿಂದ ಆಟಗಾರರು ತಮ್ಮ ಹೆಸರು, ಚಿತ್ರಗಳಿಂದ ಹಣ ಗಳಿಸಬಹುದಾಯಿತು. 2023ರ ಡಿಸೆಂಬರಿನಲ್ಲಿ ವೆಸ್ಟ್ ವರ್ಜೀನಿಯಾದ ಫೆಡರಲ್ ನ್ಯಾಯಾಲಯ ಎರಡನೆಯ ಸಲ ಬದಲಿಸುವವರನ್ನು ಕೂರಿಸುವ ನಿಯಮಕ್ಕೆ ತಡೆ ಕೊಟ್ಟಿತು, ಮರುವರ್ಷ ಏಪ್ರಿಲಿನಲ್ಲಿ ಓದಿನಲ್ಲಿ ಅರ್ಹತೆ ಇರುವವರು ಎಷ್ಟು ಸಲವಾದರೂ ಬದಲಿಸಬಹುದೆಂದು ನಿಯಮವೇ ಬದಲಾಯಿತು. 2025ರ ಜೂನಿನಲ್ಲಿ ನ್ಯಾಯಾಲಯ ಒಪ್ಪಿದ ಒಪ್ಪಂದದ ನಂತರ ಕಾಲೇಜುಗಳೇ ಆಟಗಾರರಿಗೆ ನೇರವಾಗಿ ಹಣ ಕೊಡುತ್ತಿವೆ, ಮೊದಲ ವರ್ಷದ ಮಿತಿ ಒಂದೊಂದು ಕಾಲೇಜಿಗೆ ಸುಮಾರು 2.05 ಕೋಟಿ ಡಾಲರ್.

ಇಷ್ಟೆಲ್ಲ ಸಡಿಲವಾದರೂ ಒಂದು ನಿಷೇಧ ಉಳಿದಿದೆ. ಹೆಸರು ಪೋರ್ಟಲಿಗೆ ಬರುವ ಮುನ್ನ ಬೇರೆ ಕಾಲೇಜಿನ ಆಟಗಾರನನ್ನು ಸಂಪರ್ಕಿಸಬಾರದು. ಅಲ್ಲಿಯವರು ಇದನ್ನು ಟ್ಯಾಂಪರಿಂಗ್ ಎನ್ನುತ್ತಾರೆ. ಎಲ್ಲರೂ ಎಲ್ಲರ ಮೇಲೆ ಈ ದೂರು ಹೇಳುತ್ತಾರೆ, ಶಿಕ್ಷೆಯಾಗುವುದು ಅಪರೂಪ, ಏಕೆಂದರೆ ಮಾತು ಹೋಗುವುದು ಕೋಚ್ ಬಾಯಿಂದಲ್ಲ, ಏಜೆಂಟ್, ಗೆಳೆಯ, ಹೈಸ್ಕೂಲಿನ ಹಳೆಯ ಕೋಚ್ ಇಂಥವರ ಮೂಲಕ. 2025ರ ಆರಂಭದಲ್ಲಿ ವಿಸ್ಕಾನ್ಸಿನ್ ವಿಶ್ವವಿದ್ಯಾಲಯ ತನ್ನ ಆಟಗಾರನೊಬ್ಬನ ಹೆಸರನ್ನು ಪೋರ್ಟಲಿಗೆ ಹಾಕಲು ಒಪ್ಪಲಿಲ್ಲ. ಅವನು ಅಲ್ಲಿ ಓದುವುದನ್ನೇ ಬಿಟ್ಟು, ಸಾಮಾನ್ಯ ವಿದ್ಯಾರ್ಥಿಯಂತೆ ಮಯಾಮಿ ವಿಶ್ವವಿದ್ಯಾಲಯಕ್ಕೆ ಪ್ರವೇಶ ಪಡೆದ. ಜೂನಿನಲ್ಲಿ ವಿಸ್ಕಾನ್ಸಿನ್ ಮಯಾಮಿಯ ಮೇಲೆ ಮೊಕದ್ದಮೆ ಹೂಡಿತು. ಈ ಪ್ರಕರಣ ನನಗೆ ಹೇಳುವುದಿಷ್ಟು: ಆಟಗಾರ ಮೊದಲು ವಿದ್ಯಾರ್ಥಿ, ವಿದ್ಯಾರ್ಥಿಯನ್ನು ಹೋಗದಂತೆ ತಡೆಯುವ ಬೀಗ ಯಾವ ಕ್ರೀಡಾ ಸಂಸ್ಥೆಯ ಬಳಿಯೂ ಇಲ್ಲ. ಹೋಗುವುದನ್ನು ತಡೆಯಲು ಕಟ್ಟಿದ ಗೋಡೆಗಳು ಅಮೆರಿಕದಲ್ಲಿ ಒಂದೊಂದಾಗಿ ಬಿದ್ದವು. ಕರೆಯುವವನನ್ನು ಹೊಣೆಗಾರನನ್ನಾಗಿ ಮಾಡುವ ಕೆಲಸವನ್ನು ಮಾತ್ರ ಅವರು ಸಮಯವಿದ್ದಾಗ ಮಾಡಲಿಲ್ಲ. ಹಣ ಬಂದ ಮೇಲೆ ಅದು ಕೈಮೀರಿತು. ನಮ್ಮಲ್ಲಿ ಅಷ್ಟು ಹಣ ಇನ್ನೂ ಬಂದಿಲ್ಲ. ಹಾಗಾಗಿ ನಮಗೆ ಸಮಯವಿದೆ.

ಇಲ್ಲಿ ಮೊದಲ ಆಕ್ಷೇಪ ಬರುತ್ತದೆ, ಅದೂ ಪ್ರಾಮಾಣಿಕ ಆಕ್ಷೇಪ. ನಾವು ಬೆಳೆಸಿದವರನ್ನು ಕೇಳಿದವರಿಗೆಲ್ಲ ಬಿಟ್ಟುಕೊಡುತ್ತ ಹೋದರೆ ಸರ್ಕಾರಿ ಕಾಲೇಜಿನ ಮೈದಾನದಲ್ಲಿ ಆಡಲು ಯಾರು ಉಳಿಯುತ್ತಾರೆ? ಬಿಟ್ಟು ಹೋದವನನ್ನು ಒಂದು ವರ್ಷ ಕೂರಿಸಿ, ಆಗ ಕರೆಯುವವರೂ ಯೋಚಿಸುತ್ತಾರೆ ಎನ್ನುವವರಿದ್ದಾರೆ. ಈ ನೋವು ನನಗೆ ಅರ್ಥವಾಗುತ್ತದೆ, ಮದ್ದನ್ನು ಒಪ್ಪಲಾರೆ. ಪದವಿ ಮೂರು ವರ್ಷದ್ದು. ಅಂತರ ವಿಶ್ವವಿದ್ಯಾಲಯ ಕ್ರೀಡೆಗೆ ವಯಸ್ಸಿನ ಮಿತಿಯಿದೆ. ಒಂದು ವರ್ಷ ಕೂರಿಸಿದರೆ ಕರೆದ ಕಾಲೇಜಿಗೆ ಒಬ್ಬ ಆಟಗಾರ ತಡವಾಗಿ ಸಿಗುತ್ತಾನೆ ಅಷ್ಟೆ, ಹುಡುಗನಿಗೆ ಮಾತ್ರ ಬದುಕು ಕಟ್ಟಿಕೊಳ್ಳುವ ಕೆಲವೇ ಅವಕಾಶಗಳಲ್ಲಿ ಒಂದು ಹೋಗುತ್ತದೆ. ಕಾಗದ ಹಿಡಿದಿಟ್ಟುಕೊಳ್ಳುವ ರೂಢಿಯಂತೂ ನಿಯಮಕ್ಕೇ ವಿರುದ್ಧ: ವಿದ್ಯಾರ್ಥಿಯ ಮೂಲ ಪ್ರಮಾಣಪತ್ರಗಳನ್ನು ಸಂಸ್ಥೆಗಳು ತಮ್ಮಲ್ಲಿ ಇಟ್ಟುಕೊಳ್ಳಬಾರದೆಂದು ಯುಜಿಸಿ 2018ರಲ್ಲಿ ಸ್ಪಷ್ಟವಾಗಿ ಹೇಳಿದೆ. ಒಪ್ಪಂದದಿಂದ ಕಟ್ಟಿಹಾಕೋಣವೆಂದರೆ, 1872ರ ಭಾರತೀಯ ಕರಾರು ಕಾಯ್ದೆಯ 27ನೇ ಕಲಮು ಉದ್ಯೋಗ ವ್ಯವಹಾರಕ್ಕೆ ಅಡ್ಡಿ ಮಾಡುವ ಕರಾರುಗಳನ್ನು ಅಸಿಂಧುವೆನ್ನುತ್ತದೆ. ಕ್ರಿಕೆಟಿಗ ಜಹೀರ್ ಖಾನ್ ಅವರನ್ನು ಒಪ್ಪಂದದ ಅವಧಿ ಮುಗಿದ ಮೇಲೂ ಕಟ್ಟಿಡಲು ಹೊರಟ ಕಂಪನಿಯ ವಾದವನ್ನು ಸುಪ್ರೀಂ ಕೋರ್ಟ್ 2006ರಲ್ಲಿ ಒಪ್ಪಲಿಲ್ಲ. ಇನ್ನು ಪಿಯುಸಿ ಮುಗಿಸಿದ ಹದಿನೇಳರ ಹುಡುಗ ಕಾನೂನಿನ ಕಣ್ಣಿನಲ್ಲಿ ಅಪ್ರಾಪ್ತ, ಅವನು ಹಾಕಿದ ಸಹಿಯಿಂದ ಅವನನ್ನು ಕಟ್ಟಲಾಗದು.

ಆದ್ದರಿಂದ ಬರಹದ ಭಾರವನ್ನು ಹುಡುಗನ ಮೇಲಲ್ಲ, ಕಾಲೇಜಿನ ಮೇಲೆ ಹಾಕಬೇಕು. ಕ್ರೀಡಾಪಟುವನ್ನು ತನ್ನಲ್ಲಿಗೆ ಕರೆಯುವ ಯಾವುದೇ ಕಾಲೇಜು ತನ್ನ ಲೆಟರ್‌ಹೆಡ್ಡಿನಲ್ಲಿ, ಪ್ರಾಂಶುಪಾಲರ ಸಹಿಯೊಂದಿಗೆ, ವಿದ್ಯಾರ್ಥಿಗೆ ಮತ್ತು ತಂದೆ ತಾಯಿಗೆ ಕನ್ನಡದಲ್ಲಿ ಒಂದು ಪತ್ರ ಕೊಡಲಿ. ಫೀ ಎಷ್ಟು ವರ್ಷಕ್ಕೆ ಮಾಫಿ, ಹಾಸ್ಟೆಲ್ ಯಾವುದು, ಊಟದ ಖರ್ಚು ಯಾರದು, ಕೋಚ್ ಯಾರು, ಗಾಯವಾದರೆ ಚಿಕಿತ್ಸೆ ಯಾರ ಹೊಣೆ, ತಂಡದಿಂದ ಕೈಬಿಟ್ಟರೆ ಓದು ಏನಾಗುತ್ತದೆ, ಇಷ್ಟನ್ನು ಬರೆಯಲಿ. ಅದರ ಒಂದು ಪ್ರತಿ ಈಗಿನ ಕಾಲೇಜಿಗೆ, ಒಂದು ವಿಶ್ವವಿದ್ಯಾಲಯದ ದೈಹಿಕ ಶಿಕ್ಷಣ ವಿಭಾಗಕ್ಕೆ ಹೋಗಲಿ. ಪತ್ರವಿಲ್ಲದೆ ಬಂದ ಹೊರಗಿನ ಆಟಗಾರನನ್ನು ತಂಡಕ್ಕೆ ಸೇರಿಸಿದರೆ ಅವನನ್ನು ಅನರ್ಹಗೊಳಿಸುವುದು ಬೇಡ. ಅವನಿಂದ ಬಂದ ಅಂಕಗಳು ಕಾಲೇಜಿನ ಚಾಂಪಿಯನ್‌ಶಿಪ್ ಲೆಕ್ಕಕ್ಕೆ ಸೇರದಿರಲಿ. ಹುಡುಗ ಆಡುತ್ತಾನೆ, ಅವನ ಪದಕ ಅವನದು, ಸರ್ಟಿಫಿಕೇಟ್ ಅವನದು. ಮರೆಯಲ್ಲಿ ಕರೆದವರಿಗೆ ಮಾತ್ರ ಟ್ರೋಫಿ ಸಿಗುವುದಿಲ್ಲ. ಪದವಿ ವಿದ್ಯಾರ್ಥಿಗಳ ಪ್ರವೇಶ, ಪರೀಕ್ಷೆಗಳನ್ನೆಲ್ಲ ತನ್ನ ಆನ್‌ಲೈನ್ ವ್ಯವಸ್ಥೆಯಾದ ಯುಯುಸಿಎಂಎಸ್‌ನಲ್ಲಿ ದಾಖಲಿಸುತ್ತಿರುವ ರಾಜ್ಯಕ್ಕೆ ಈ ಪತ್ರವನ್ನೂ ಅಲ್ಲಿಯೇ ಸೇರಿಸುವುದು ಕಷ್ಟದ ಕೆಲಸವಲ್ಲ.

ಪತ್ರದಲ್ಲಿ ಒಂದು ಬರೆದು ಮರೆಯಲ್ಲಿ ಇನ್ನೊಂದು ಹೇಳುವುದನ್ನು ಹೇಗೆ ತಡೆಯುತ್ತೀರಿ ಎಂದು ಕೇಳಬಹುದು. ಪೂರ್ತಿ ತಡೆಯಲಾಗದು. ಆದರೆ ಇವತ್ತಿನ ಸ್ಥಿತಿಯಲ್ಲಿ ಮರೆಯ ಮಾತಿಗೆ ಎದುರಾಗಿ ಇಡಲು ಏನೂ ಇಲ್ಲ. ಲಿಗಮೆಂಟ್ ಹರಿದ ರೈಡರನ್ನು ಎರಡನೆಯ ವರ್ಷಕ್ಕೆ ಹಾಸ್ಟೆಲ್ ಖಾಲಿ ಮಾಡು ಎಂದರೆ ಅವನು ಯಾರ ಮುಂದೆ ಏನನ್ನು ತೋರಿಸಬೇಕು? ಕರೆದ ಸೀನಿಯರ್ ಅಷ್ಟು ಹೊತ್ತಿಗೆ ಪದವಿ ಮುಗಿಸಿ ಹೋಗಿರುತ್ತಾನೆ, ಕೋಚ್ ಬೇರೆ ಕಡೆ ಸೇರಿರುತ್ತಾರೆ. ಪತ್ರವಿದ್ದರೆ ಸಂಸ್ಥೆ ಉಳಿದಿರುತ್ತದೆ, ಸಹಿ ಉಳಿದಿರುತ್ತದೆ. ಸೌಲಭ್ಯವನ್ನು ಆಟಕ್ಕೆ ಕಟ್ಟದೆ ಪದವಿಗೆ ಕಟ್ಟಬೇಕು ಎಂಬ ಷರತ್ತನ್ನು ನಾನು ಇಲ್ಲಿ ಒತ್ತಿ ಹೇಳುತ್ತೇನೆ. ಆಟಗಾರನೆಂದು ಕರೆದುಕೊಂಡು ಬಂದ ಮೇಲೆ, ಅವನು ಆಡಲಾಗದೆ ಹೋದರೂ, ಪದವಿ ಮುಗಿಯುವವರೆಗೆ ಕಾಲೇಜು ಅವನನ್ನು ಓದಿಸಬೇಕು. ಇದನ್ನು ಒಪ್ಪದ ಸಂಸ್ಥೆಗೆ ಬೇಕಾಗಿರುವುದು ವಿದ್ಯಾರ್ಥಿಯಲ್ಲ.

ಹೆಣ್ಣುಮಕ್ಕಳ ವಿಷಯದಲ್ಲಿ ಇದು ಇನ್ನೂ ಅಗತ್ಯ. ಕಬಡ್ಡಿ ಅಥವಾ ಕೊಕ್ಕೊ ಆಡುವ ಮಗಳನ್ನು ದೂರದ ಊರಿಗೆ ಕಳಿಸಬೇಕೋ ಬೇಡವೋ ಎಂದು ತಂದೆ ತಾಯಿ ತೀರ್ಮಾನಿಸುವುದು ಪರಿಚಯದವರ ಬಾಯಿಮಾತಿನ ಮೇಲೆ. ಹಾಸ್ಟೆಲಿನಲ್ಲಿ ವಾರ್ಡನ್ ಯಾರು, ಪಂದ್ಯಕ್ಕೆ ಹೋದಾಗ ಜೊತೆಯಲ್ಲಿ ಮಹಿಳಾ ಮ್ಯಾನೇಜರ್ ಇರುತ್ತಾರೆಯೇ, ದೂರು ಹೇಳಬೇಕಾದರೆ ಯಾರಿಗೆ, ಇದನ್ನೆಲ್ಲ ಯಾರೂ ಬರೆದುಕೊಡುವುದಿಲ್ಲ. ಅನುಮಾನ ಬಂದ ಮನೆ ಮಗಳನ್ನು ಕಳಿಸುವುದಿಲ್ಲ, ಆಟವೂ ಅಲ್ಲಿಗೆ ಮುಗಿಯುತ್ತದೆ. ನಂಬಿ ಕಳಿಸಿದ ಮನೆಗೆ ನಂಬಿಕೆಯೊಂದೇ ಆಧಾರ. ಗುಟ್ಟಿನ ಕರೆಯಿಂದ ಹೆಚ್ಚು ಕಳೆದುಕೊಳ್ಳುವವರು ಹುಡುಗಿಯರು ಎಂಬುದು ನನ್ನ ಖಚಿತ ಅಭಿಪ್ರಾಯ. ವಲಸೆಯ ಚರ್ಚೆಯಲ್ಲಿ ಅವರ ಮಾತೇ ಬರುವುದಿಲ್ಲ ಎಂಬುದು ನನಗೆ ಬೇಸರದ ಸಂಗತಿ.

ಎಲ್ಲವನ್ನೂ ಬಯಲಿಗೆ ತಂದರೆ ದುಡ್ಡಿರುವ ಸಂಸ್ಥೆಗಳಿಗೇ ಅನುಕೂಲ ಎಂಬ ಆಕ್ಷೇಪ ಉಳಿಯುತ್ತದೆ. ಇದು ನಿಜ. ಪತ್ರವೊಂದೇ ಇದ್ದರೆ ಒಳ್ಳೆಯ ಪತ್ರ ಬರೆಯಬಲ್ಲವನು ಗೆಲ್ಲುತ್ತಾನೆ. ಅದಕ್ಕಾಗಿ ಎರಡನೆಯ ಸುಧಾರಣೆ ಬೇಕು, ಅದು ಲೆಕ್ಕದ ಸುಧಾರಣೆ. ಫಿಫಾ 2001ರಲ್ಲಿ ತಂದ ವ್ಯವಸ್ಥೆಯಲ್ಲಿ, ಎಳೆಯ ಆಟಗಾರ ವೃತ್ತಿಪರನಾದಾಗ ಅವನ 12ರಿಂದ 21ನೇ ವಯಸ್ಸಿನವರೆಗೆ ತರಬೇತಿ ಕೊಟ್ಟ ಕ್ಲಬ್ಬುಗಳಿಗೆ ಪರಿಹಾರ ಸಿಗುತ್ತದೆ. ಮುಂದೆ ಅವನನ್ನು ಹಣ ಕೊಟ್ಟು ಒಂದು ಕ್ಲಬ್ಬಿನಿಂದ ಇನ್ನೊಂದು ಕೊಂಡರೆ, ಆ ಮೊತ್ತದ ಶೇ. 5ರಷ್ಟು ಅವನನ್ನು ಬೆಳೆಸಿದ ಕ್ಲಬ್ಬುಗಳಿಗೆ ಹಂಚಿಹೋಗುತ್ತದೆ. ಹಳ್ಳಿಯ ಸಣ್ಣ ಕ್ಲಬ್ಬಿಗೂ ತನ್ನ ಪಾಲು ಕೇಳುವ ಹಕ್ಕು ಇರುತ್ತದೆ. ನಮ್ಮ ಕಾಲೇಜು ಕ್ರೀಡೆಯಲ್ಲಿ ಹಣದ ವಹಿವಾಟು ಇಲ್ಲ, ಇರುವುದು ಅಂಕದ ವಹಿವಾಟು. ಅಂಕವನ್ನೇ ಹಂಚಬಹುದು. ಅರ್ಹತಾ ಅರ್ಜಿಯಲ್ಲಿ ಆಟಗಾರನ ಪ್ರೌಢಶಾಲೆ, ಪಿಯು ಕಾಲೇಜು, ಹಿಂದಿನ ಪದವಿ ಕಾಲೇಜು ಮತ್ತು ಕಲಿಸಿದ ಶಿಕ್ಷಕರ ಹೆಸರಿಗೆ ನಾಲ್ಕು ಸಾಲು ಇಡಿ. ಅಂತರ ವಿಶ್ವವಿದ್ಯಾಲಯ ಪದಕ ಬಂದಾಗ ಅಂಕದ ಒಂದು ಪಾಲು ಹಿಂದಿನ ಸಂಸ್ಥೆಗೆ ಹೋಗಲಿ. ರಾಜ್ಯ ಸರ್ಕಾರ ಪದಕ ವಿಜೇತರಿಗೆ ನಗದು ಬಹುಮಾನ ಕೊಡುವಾಗ, ಆಟಗಾರನ ಪಾಲನ್ನು ಮುಟ್ಟದೆ, ಅವನು ಮೊದಲು ಆಡಿದ ಶಾಲೆಯ ಮೈದಾನಕ್ಕೆಂದು ಬೇರೆಯಾಗಿ ಒಂದಿಷ್ಟು ಹಣ ಕೊಡಲಿ. ಭದ್ರಾವತಿಯ ಸರ್ಕಾರಿ ಶಾಲೆಯಲ್ಲಿ ಆಟ ಕಲಿತ ಹುಡುಗ ಮೂಡುಬಿದಿರೆಗೋ ಬೆಂಗಳೂರಿಗೋ ಹೋಗಿ ಗೆದ್ದಾಗ ಇಲ್ಲಿನ ಶಾಲೆಗೆ ಒಂದು ವಾಲಿಬಾಲ್ ನೆಟ್ಟು, ಒಂದು ಕಬಡ್ಡಿ ಮ್ಯಾಟು ಬಂದರೆ, ಅವನ ಹೋಗುವಿಕೆ ನಷ್ಟವಾಗಿ ಕಾಣುವುದಿಲ್ಲ. ಕಲಿಸಿದ ಮೇಷ್ಟ್ರಿಗೂ ಮುಂದಿನ ವರ್ಷ ಇನ್ನೊಬ್ಬನನ್ನು ತಯಾರು ಮಾಡುವ ಹುರುಪು ಉಳಿಯುತ್ತದೆ.

ನಮ್ಮಲ್ಲಿ ಇದು ಹಾಸ್ಟೆಲ್ ಮತ್ತು ಊಟದ ಮಟ್ಟದ ವಿಷಯ, ಕೋಟಿ ಡಾಲರುಗಳ ಅಮೆರಿಕಕ್ಕೆ ಹೋಲಿಸಿ ಇಷ್ಟೊಂದು ನಿಯಮ ಯಾಕೆ ಎಂಬ ಮಾತೂ ಕೇಳಿಬರಬಹುದು. ಮೊತ್ತ ಸಣ್ಣದಾದಷ್ಟೂ ಅವಲಂಬನೆ ದೊಡ್ಡದು ಎಂಬುದು ನನ್ನ ಉತ್ತರ. ಲಕ್ಷಾಂತರ ಡಾಲರ್ ಪಡೆಯುವ ಆಟಗಾರನಿಗೆ ಏಜೆಂಟ್ ಇರುತ್ತಾನೆ, ವಕೀಲ ಇರುತ್ತಾನೆ. ಹಾಸ್ಟೆಲಿನ ಊಟಕ್ಕಾಗಿ ಊರು ಬಿಟ್ಟವನಿಗೆ ಆ ಊಟವೇ ನಿಂತರೆ ಬಸ್ ಚಾರ್ಜಿಗೂ ಇನ್ನೊಬ್ಬರನ್ನು ಕೇಳಬೇಕು.

ಇವನ್ನೆಲ್ಲ ದೆಹಲಿಯಲ್ಲಿರುವ ಭಾರತೀಯ ವಿಶ್ವವಿದ್ಯಾಲಯಗಳ ಒಕ್ಕೂಟವೇ ಮಾಡಬೇಕು ಎಂದು ಕಾಯುತ್ತ ಕೂರಬೇಕಾಗಿಲ್ಲ. ಅಖಿಲ ಭಾರತ ಮಟ್ಟದ ಅಂಕ ಹಂಚಿಕೆ ಅವರ ಕೈಯಲ್ಲಿದೆ, ನಿಜ. ಆದರೆ ಅಂತರ ಕಾಲೇಜು ಪಂದ್ಯಾವಳಿಗಳ ನಿಯಮ ಆಯಾ ವಿಶ್ವವಿದ್ಯಾಲಯದ್ದು. ಕುವೆಂಪು ವಿಶ್ವವಿದ್ಯಾಲಯ ತನ್ನ ಎರಡು ಜಿಲ್ಲೆಗಳ ಕಾಲೇಜುಗಳಿಗೆ ಆಹ್ವಾನ ಪತ್ರದ ನಿಯಮವನ್ನು ಮುಂದಿನ ಪ್ರವೇಶದ ವೇಳೆಗೇ ತರಬಹುದು. ನೆರೆಯ ದಾವಣಗೆರೆ, ಮಂಗಳೂರು ವಿಶ್ವವಿದ್ಯಾಲಯಗಳ ಜೊತೆ ಕುಳಿತು, ನಿಮ್ಮಲ್ಲಿಗೆ ಬರುವ ನಮ್ಮ ವಿದ್ಯಾರ್ಥಿಗೂ ನಮ್ಮಲ್ಲಿಗೆ ಬರುವ ನಿಮ್ಮ ವಿದ್ಯಾರ್ಥಿಗೂ ಒಂದೇ ನಮೂನೆಯ ಪತ್ರ ಇರಲಿ ಎಂದು ಒಪ್ಪಂದ ಮಾಡಿಕೊಳ್ಳಬಹುದು. ನಮ್ಮ ಜಿಲ್ಲೆಯ ಕಾಲೇಜುಗಳೂ ಸುತ್ತಲಿನ ತಾಲ್ಲೂಕುಗಳಿಂದ, ಒಂದರಿಂದೊಂದು ಆಟಗಾರರನ್ನು ಮರೆಯಲ್ಲೇ ಕರೆಯುತ್ತವೆ. ಅದನ್ನು ನಿಲ್ಲಿಸದೆ ಹೊರಗಿನವರ ಮೇಲೆ ಬೆರಳು ತೋರಿಸಲು ನಮಗೆ ಅಧಿಕಾರವಿಲ್ಲ. ಪತ್ರದ ಮೊದಲ ನಮೂನೆಯನ್ನು ಬರೆಯುವ ಕೆಲಸಕ್ಕೆ ದೈಹಿಕ ಶಿಕ್ಷಣ ನಿರ್ದೇಶಕರ ಜೊತೆ ಹಾಸ್ಟೆಲಿನಲ್ಲಿರುವ ಇಬ್ಬರು ಆಟಗಾರರನ್ನೂ, ಒಬ್ಬ ಆಟಗಾರ್ತಿಯ ತಾಯಿಯನ್ನೂ ಕೂರಿಸಿಕೊಳ್ಳಿ ಎಂದು ಇಲ್ಲಿರುವ ಪ್ರಾಂಶುಪಾಲರಲ್ಲಿ ಕೇಳಿಕೊಳ್ಳುತ್ತೇನೆ. ಯಾವ ಸಾಲು ಬಿಟ್ಟುಹೋಗಿದೆ ಎಂದು ಅವರಿಗೆ ಗೊತ್ತಿರುತ್ತದೆ.